ಎರಡು ಸೆಲ್

"ಅತ್ತಿಗೆ, ಇವ್ರು ಹೋಗ್ಬಿಟ್ರು" ಎಂದು ಮಂಗಳೂರಿನ ಆಸ್ಪತ್ರೆಯಿಂದ ತಮ್ಮನ ಹೆಂಡತಿ ಯಶೋದಾ ಫೋನಿನಲ್ಲಿ ಹೇಳಿದಾಗ ಇನ್ನೂ ಸರಿಯಾಗಿ ಬೆಳಗಾಗಿರಲಿಲ್ಲ. ಸರೋಜಮ್ಮನವರು ಗೋಡೆ ಹಿಡಿದು ನಿಂತರು. ತಮ್ಮ ಶಂಕರ ಇನ್ನಿಲ್ಲ.

ಗಾಳಿಗೆ ಕಂಬಗಳು ಉರುಳಿ ಮೂರು ದಿನದಿಂದ ಜಾವಳಿಯಲ್ಲಿ ಕರೆಂಟಿರಲಿಲ್ಲ. ದಾರಿಗೆ ಬಿದ್ದ ಮರ ಕಡಿಯದಿದ್ದರೆ ಆಂಬುಲೆನ್ಸ್ ಮನೆಯ ತನಕ ಬರುವಂತಿರಲಿಲ್ಲ. ತೋಟದ ಆಳು ಮಾರಯ್ಯ ಕೊಡಲಿ ಹಿಡಿದು ಹೊರಟವನು ಟಾರ್ಚ್ ಕೇಳಿದ. ಅದು ಹತ್ತಲಿಲ್ಲ. ಸರೋಜಮ್ಮನವರು ಒಳಗೆಲ್ಲ ತಡಕಾಡಿ, ಎಲ್ಲಿಂದಲೋ ಎರಡು ಸೆಲ್ ತಂದು ತುಂಬಿಕೊಟ್ಟರು.

ಶಂಕರನ ದೇಹ ಅಂಗಳಕ್ಕೆ ಬಂದಾಗ ಹನ್ನೊಂದು ಗಂಟೆ. ಕೊನೆಯ ಸ್ನಾನಕ್ಕೆ ಬಿಸಿನೀರು ಬೇಕಿತ್ತು. ನೆಂಟರೊಬ್ಬರು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ತಣ್ಣಗೆ ಬಂತು, ತಣ್ಣಗೇ ಬರುತ್ತಿತ್ತು.

"ಕರೆಂಟಿಲ್ಲ, ಗೀಸರ್ ಎಲ್ಲಿ ಹತ್ತುತ್ತೆ?" ಎಂದು ವಾಪಸು ಬಂದರು.

ಆ ಮಾತು ಸರೋಜಮ್ಮನವರ ಎದೆಗೆ ನಾಟಿತು. ಕುದುರೆಮುಖದ ಕಂಪನಿಯಲ್ಲಿ ಫಿಟ್ಟರ್ ಆಗಿದ್ದ ಶಂಕರ, ಗಣಿ ನಿಂತ ಮೇಲೆ ಹೆಂಡತಿಯೊಡನೆ ಅಕ್ಕನ ಮನೆಗೇ ಬಂದು ನೆಲೆಸಿದ್ದ. ಹೊಗೆಗೆ ಅಕ್ಕನ ಕಣ್ಣು ಉರಿಯುವುದನ್ನು ನೋಡಲಾರದೆ ಬಚ್ಚಲ ಹಂಡೆ, ಒಲೆ ಎರಡನ್ನೂ ಕಿತ್ತು, ಹೊರಗೋಡೆಗೆ ಗ್ಯಾಸ್ ಗೀಸರ್ ಕೂರಿಸಿದ. ಪಂಪಿನ ಹಂಗೂ ಬೇಡವೆಂದು ಗುಡ್ಡದ ಒರತೆಯಿಂದ ಪೈಪ್ ಎಳೆದ. ಪಕ್ಕದ ಎಸ್ಟೇಟಿನ ಮಲ್ಲಿಕಾರ್ಜುನಪ್ಪನವರು ನೋಡಲು ಬಂದು ನಕ್ಕಿದ್ದರು.

"ಹಂಡೆ ಕಿತ್ತು ಈ ಡಬ್ಬ ನೇತುಹಾಕಿದ್ದೀಯಲ್ಲ ಮಾರಾಯ! ಕರೆಂಟ್ ಹೋದ ದಿನ ನಿಮ್ಮಕ್ಕ ತಣ್ಣೀರಲ್ಲಿ ನಡುಗ್ಬೇಕಾ?"

"ಇದಕ್ಕೂ ಕರೆಂಟಿಗೂ ಸಂಬಂಧನೇ ಇಲ್ಲ ಅಪ್ಪನೋರೆ. ಗ್ಯಾಸ್ ಉರಿಯುತ್ತೆ, ನೀರು ಕಾಯುತ್ತೆ. ಎರಡು ಸೆಲ್ ಇದರ ಬೆಂಕಿಪೊಟ್ಟಣ, ಅಷ್ಟೆ."

ಅದೇ ಮಲ್ಲಿಕಾರ್ಜುನಪ್ಪನವರು ಈಗ ಹತ್ತಿರ ಬಂದು ಮೆಲ್ಲಗೆ, "ಸರೋಜಮ್ಮ, ನಮ್ಮನೆ ಹಂಡೇಲಿ ನೀರು ಕಾದಿದೆ. ತರಿಸ್ತೀನಿ" ಎಂದರು. ದನಿಯಲ್ಲಿ ಕುಹಕವಿರಲಿಲ್ಲ.

"ಬೇಡ" ಎಂದರು ಸರೋಜಮ್ಮನವರು. "ಈ ಮನೆಗೆ ಬಿಸಿನೀರಿನ ಪೈಪ್ ಹಾಕಿಕೊಟ್ಟೋನು ಅವನು. ಎರವಲು ನೀರು ಹುಯ್ಕೊಂಡು ಹೋಗಲ್ಲ. ನನ್ನ ತಮ್ಮ ಸುಳ್ಳು ಹೇಳ್ದೋನೂ ಅಲ್ಲ."

ಅವರೇ ಎದ್ದು ಹೋಗಿ ನಲ್ಲಿ ತಿರುಗಿಸಿದರು. ದಿನವೂ ನಲ್ಲಿ ಬಿಟ್ಟೊಡನೆ ಗೀಸರ್ ಟಕಟಕ ಎನ್ನುತ್ತಿತ್ತು. ಇವತ್ತು ಸದ್ದೇ ಇಲ್ಲ. ಶಂಕರ ಹೇಳಿದ ಬೆಂಕಿಪೊಟ್ಟಣದ ಕಡ್ಡಿ ಗೀರಿದ ಸದ್ದೇ ಇಲ್ಲ! ಸರೋಜಮ್ಮನವರು ಗೀಸರಿನ ಬುಡಕ್ಕೆ ಕೈ ಹಾಕಿದರು. ಸೆಲ್ ಇಡುವ ಗೂಡು ಬಾಯಿ ತೆರೆದುಕೊಂಡಿತ್ತು. ಬೆಳಗಿನ ಜಾವ ತಾವೇ ತೆಗೆದದ್ದು ಈಗ ನೆನಪಾಯಿತು.

"ಮಾರಯ್ಯಾ, ಟಾರ್ಚ್ ತಾರೋ!"

"ಇಷ್ಟು ಬೆಳಕಲ್ಲಿ ಟಾರ್ಚ್ ಯಾಕ್ರಮ್ಮಾ?" ಎನ್ನುತ್ತಲೇ ಅವನು ಓಡಿ ತಂದ.

ಟಾರ್ಚಿನ ಸೆಲ್ ತೆಗೆದು ಗೂಡಿಗೆ ಕೂರಿಸಿ, ನಲ್ಲಿ ತಿರುಗಿಸಿದರು. ಟಕ್ ಟಕ್ ಟಕ್. ಭುಗ್ಗೆಂದು ನೀಲಿ ಉರಿ ಎದ್ದಿತು. ಬಾಗಿದ್ದ ಬೆನ್ನನ್ನು ಸರೋಜಮ್ಮನವರು ನೆಟ್ಟಗೆ ಮಾಡಿದರು.

"ಯಶೋದಾ, ಮುಟ್ಟಿ ನೋಡೇ. ನಿನ್ನ ಗಂಡನ ಮಾತು."

ಯಶೋದಾ ನೀರಿಗೆ ಕೈ ಹಿಡಿದು ಬಿಕ್ಕಿದಳು. ಮಲ್ಲಿಕಾರ್ಜುನಪ್ಪನವರೂ ಬೆರಳೊಡ್ಡಿ, ಚುರುಕ್ಕೆಂದು ಹಿಂದಕ್ಕೆಳೆದುಕೊಂಡರು. "ಗೆದ್ದ ಮಾರಾಯ" ಎಂದು ತಮ್ಮಷ್ಟಕ್ಕೇ ಅಂದು, ಪಂಚೆ ಎತ್ತಿ ಕಟ್ಟಿ, ತುಂಬಿದ ಕೊಡವನ್ನು ತಾವೇ ಹೊತ್ತು ಅಂಗಳಕ್ಕೆ ನಡೆದರು.

ಮೊದಲ ತಂಬಿಗೆ ಅಕ್ಕನದು. ತಾಯಿಯಿಲ್ಲದ ಕೂಸಾಗಿದ್ದ ಅವನನ್ನು ಮೀಯಿಸುವಾಗ ಮಾಡುತ್ತಿದ್ದಂತೆ ಸರೋಜಮ್ಮನವರು ಮೊಣಕೈಯದ್ದಿ ಬಿಸಿ ನೋಡಿದರು. ಒಂದಿಷ್ಟು ತಣ್ಣೀರು ಬೆರೆಸಿದರು. ಹಬೆಯಾಡುವ ನೀರನ್ನು ತಮ್ಮನ ನೆತ್ತಿಗೆ ನಿಧಾನವಾಗಿ ಹೊಯ್ಯುತ್ತ ಕಣ್ಣು ಮುಚ್ಚಿದರು.

"ಸ್ವಾಮಿ ಕಳಸೇಶ್ವರ, ಇವನನ್ನ ಬೆಚ್ಚಗೆ ಮೀಯಿಸಿ ಕಳಿಸ್ತಾ ಇದ್ದೀನಿ. ನಿನ್ನ ಪಾದದ ಹತ್ರ ತಂಪಾಗಿ ಇಟ್ಕೋ."