ಸ್ವಿಟ್ಜರ್ಲೆಂಡಿಗೆ ಬದಲು

ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿದ ಸ್ವರ್ಣಲತಾ ಬೆಳಗಿನಿಂದ ಏನೂ ತಿಂದಿರಲಿಲ್ಲ. ತೆರಕಣಾಂಬಿ ದಾಟುವವರೆಗೂ ತೊಡೆಯ ಮೇಲಿನ ಫೈಲನ್ನು ತೆರೆಯುವುದು, ಮುಚ್ಚುವುದು, ಇಷ್ಟೇ ಕೆಲಸ. ಪಕ್ಕದಲ್ಲಿ ಕೂತಿದ್ದ ಹೂವಿನ ಬುಟ್ಟಿಯ ಅಜ್ಜಿ, "ಯಾಕವ್ವಾ, ಕೋರ್ಟ್ ಕೇಸಾ?" ಎಂದು ಕೇಳಿಯೇಬಿಟ್ಟಳು.

"ಹೆಚ್ಚುಕಮ್ಮಿ ಹಂಗೇ ಕಣಜ್ಜಿ," ಎಂದಳು ಸ್ವರ್ಣಲತಾ.

ಅವಳು ಗುಂಡ್ಲುಪೇಟೆಯ ಡಿಗ್ರಿ ಕಾಲೇಜೊಂದರಲ್ಲಿ ಪ್ರವಾಸೋದ್ಯಮ ಹೇಳಿಕೊಡುವ ಮೇಡಂ. ಮುಖ್ಯ ವಿಷಯವಲ್ಲ, ಮೈನರ್. ಇತಿಹಾಸವೋ ಅರ್ಥಶಾಸ್ತ್ರವೋ ಓದುವ ಮಕ್ಕಳು ಜೊತೆಗೊಂದು ಇರಲಿ ಎಂದು ಆರಿಸಿಕೊಳ್ಳುವ ವಿಷಯ. ಆ ದಿನ ಚಾಮರಾಜನಗರದಲ್ಲಿ ಅದರ ಅಧ್ಯಯನ ಮಂಡಳಿಯ ಸಭೆ. ಯಾವ ಪೇಪರಿನಲ್ಲಿ ಏನಿರಬೇಕು, ಏನನ್ನು ತೆಗೆಯಬೇಕು, ಏನನ್ನು ಸೇರಿಸಬೇಕು ಎಂದು ಬೇರೆಬೇರೆ ಕಾಲೇಜಿನ ಮೇಷ್ಟ್ರುಗಳು ವರ್ಷಕ್ಕೊಂದು ಸಲ ಕೂತು ತೀರ್ಮಾನಿಸುವ ಜಾಗ ಅದು. ಈ ಸಲದ ಪಟ್ಟಿಯಲ್ಲಿ ಕೊನೆಯ ಬಾಬತ್ತು ಅವಳದು.

ಹಳೆಯ ಪೇಪರಿನ ಕಥೆ ಹೇಳಬೇಕು. ಅದರ ತುಂಬ ಸ್ವಿಟ್ಜರ್ಲೆಂಡಿನಲ್ಲಿ ಕಾರು ಬಿಡದ ಬೆಟ್ಟ ಹತ್ತುವ ರೈಲು, ವೆನಿಸ್ಸಿನ ದೋಣಿ, ಪ್ಯಾರಿಸ್ಸಿನ ಮ್ಯೂಸಿಯಂ. ಬರೆದವರು ಯಾರೋ, ಅವರಾದರೂ ಅಲ್ಲಿಗೆ ಹೋಗಿದ್ದರೋ ಇಲ್ಲವೋ ದೇವರಿಗೇ ಗೊತ್ತು. ಕಳೆದ ವರ್ಷ ಸ್ವರ್ಣಲತಾ, ಮುಂದಿನ ವರ್ಷ ನಿಮಗಿರುವುದು ಇದು ಎಂದು ಮಕ್ಕಳಿಗೆ ಈ ಪಟ್ಟಿಯನ್ನು ನಿಷ್ಠೆಯಿಂದ ಓದಿ ಹೇಳುತ್ತಿದ್ದಾಗ ಲಕ್ಷ್ಮಿದೇವಿ ಎಂಬ ಹುಡುಗಿ ಎದ್ದು ನಿಂತಳು. ಬಂಡೀಪುರದ ಪಕ್ಕದ ಹಳ್ಳಿಯವಳು, ಅಪ್ಪ ರಂಗನಾಯಕ ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರ್.

"ಮೇಡಂ, ನಮ್ಮ ಗೋಪಾಲಸ್ವಾಮಿ ಬೆಟ್ಟಕ್ಕೂ ಕಾರ್ ಬುಡಲ್ಲ, ಬಸ್ಸಲ್ಲೇ ಓಗ್ಬೇಕು. ಅದ್ಯಾಕೆ ಪಾಠದಲ್ಲಿಲ್ಲ?"

ಆ ಪ್ರಶ್ನೆ ಸ್ವರ್ಣಲತಾಳ ತಲೆಯಿಂದ ಇಳಿಯಲಿಲ್ಲ. ಆಗ ಮಂಡಳಿಯ ಅಧ್ಯಕ್ಷರಾಗಿದ್ದವರು ಮಹದೇವಪ್ರಸಾದ್, ಎಲ್ಲಕ್ಕೂ ಹೂಂ ಎನ್ನುವ ದೊಡ್ಡ ಮನಸ್ಸಿನವರು. ಕಾರಿಡಾರಿನಲ್ಲಿ ಕಾಫಿ ಕುಡಿಯುತ್ತಾ ಅವಳ ಮಾತು ಕೇಳಿ, "ಭಾಳ ಒಳ್ಳೇ ಐಡಿಯಾ ಮೇಡಂ. ಶುರು ಮಾಡ್ಬಿಡಿ. ಮುಂದಿನ ಮೀಟಿಂಗಲ್ಲಿ ಪಾಸ್ ಮಾಡ್ಕೊಳ್ಳೋಣ," ಎಂದರು. ನಮ್ಮ ಕಡೆ ಅರ್ಧ ಕೆಲಸ ನಡೆಯುವುದೇ ಹೀಗೆ. ಮೊದಲು ಶಾಮಿಯಾನ, ಆಮೇಲೆ ಪಂಚಾಯ್ತಿಯ ಪರ್ಮಿಷನ್ನು.

ಅವಳು ಶುರು ಮಾಡಿಬಿಟ್ಟಳು. ಈ ಸೆಮಿಸ್ಟರಿಡೀ ಸ್ವಿಟ್ಜರ್ಲೆಂಡಿನ ಬದಲು ಗೋಪಾಲಸ್ವಾಮಿ ಬೆಟ್ಟ. ವೆನಿಸ್ಸಿನ ಬದಲು ಬಂಡೀಪುರದ ರಸ್ತೆಯನ್ನು ರಾತ್ರಿ ಯಾಕೆ ಮುಚ್ಚುತ್ತಾರೆ ಎಂಬ ಪಾಠ. ಹೆದ್ದಾರಿ ಪಕ್ಕದ ಸೂರ್ಯಕಾಂತಿ ಹೊಲಕ್ಕೆ ನುಗ್ಗಿ ಫೋಟೊ ತೆಗೆಸಿಕೊಳ್ಳುವವರಿಂದ ರೈತನಿಗೇನು ಲಾಭ, ಏನು ನಷ್ಟ ಎಂದು ಮಕ್ಕಳು ತಾವೇ ಹೋಗಿ ವಿಚಾರಿಸಿಕೊಂಡು ಬಂದರು. ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದವರೆಲ್ಲ ಮುಂದಕ್ಕೆ ಬಂದು ಕೂತರು. ಅವಳ ಹತ್ತು ವರ್ಷದ ನೌಕರಿಯಲ್ಲಿ ಇಂಥ ಸಂತೋಷ ಕಂಡಿರಲಿಲ್ಲ.

ಅಷ್ಟರಲ್ಲಿ ಮಹದೇವಪ್ರಸಾದರು ನಿವೃತ್ತರಾಗಿ ಮೈಸೂರು ಸೇರಿದರು. ಸಭೆ ಮುಂದಕ್ಕೆ ಹೋಯಿತು, ಇನ್ನೊಂದು ಸಲ ಹೋಯಿತು. ಹೊಸ ಅಧ್ಯಕ್ಷರಾಗಿ ಗುರುಸಿದ್ದಯ್ಯ ಬಂದರು. ಹರದನಹಳ್ಳಿಯಿಂದ ಹಳೆಯ ಸ್ಕೂಟರಿನಲ್ಲಿ ಬಂದುಹೋಗುವ ಮನುಷ್ಯ. ಪಟ್ಟಿಯಲ್ಲಿದ್ದ ಪುಸ್ತಕ ಒಂದೂ ಲೈಬ್ರರಿಯಲ್ಲಿಲ್ಲ ಎಂದು ಇಡೀ ಕೋರ್ಸನ್ನೇ ವಾಪಸ್ಸು ಕಳಿಸಿದ ಕೀರ್ತಿ ಅವರದು.

ಪರೀಕ್ಷೆ ಮುಂದಿನ ತಿಂಗಳೇ. ಇವತ್ತು ಒಪ್ಪಿಗೆ ಸಿಗದಿದ್ದರೆ ಪ್ರಶ್ನೆಪತ್ರಿಕೆ ಹಳೆಯ ಪೇಪರಿನ ಮೇಲೇ ಬರುತ್ತದೆ. ಅವಳ ಮಕ್ಕಳಿಗೆ ಸ್ವಿಟ್ಜರ್ಲೆಂಡಿನ ಒಂದಕ್ಷರವೂ ಗೊತ್ತಿಲ್ಲ. ಎಲ್ಲರೂ ಫೇಲು. ಲಕ್ಷ್ಮಿದೇವಿಗಂತೂ ಕಾಡಂಚಿನ ರೆಸಾರ್ಟೊಂದರಲ್ಲಿ ರಿಸೆಪ್ಷನ್ ಕೆಲಸ ಹೆಚ್ಚುಕಮ್ಮಿ ಗಟ್ಟಿಯಾಗಿತ್ತು, ಡಿಗ್ರಿ ಮುಗಿಯಬೇಕಷ್ಟೆ. ಮುಗಿಯದಿದ್ದರೆ ಬೆಳಿಗ್ಗೆ ಊರಿಗೆ ಬರುವ ಗಾರ್ಮೆಂಟ್ಸ್ ವ್ಯಾನು ಹತ್ತುವುದೇ ಎಂದು ಮನೆಯಲ್ಲಿ ಮಾತಾಗಿತ್ತು.

ಇದನ್ನು ಸ್ವರ್ಣಲತಾ ಮಕ್ಕಳಿಗೆ ಹೇಳಿರಲಿಲ್ಲ. ಹೇಳುವ ಧೈರ್ಯವಿರಲಿಲ್ಲ. ಈಚೆಗೆ ಕ್ಲಾಸು ಮುಗಿದ ಮೇಲೂ ಅವರು ಒಟ್ಟಿಗೆ ಕೂತಿರುತ್ತಿದ್ದರು, ಇವಳು ಬಾಗಿಲಿಗೆ ಬಂದರೆ ಏನನ್ನೋ ಬ್ಯಾಗಿಗೆ ತುರುಕಿಕೊಳ್ಳುತ್ತಿದ್ದರು. ಯಾರದೋ ಹುಟ್ಟುಹಬ್ಬದ ತಯಾರಿ ಇರಬೇಕು, ಪಾಪ, ಇವಕ್ಕೆ ಏನು ಕಾದಿದೆಯೋ ಎಂದುಕೊಂಡು ಅವಳು ಬಾಗಿಲಿಂದಲೇ ಹಿಂತಿರುಗುತ್ತಿದ್ದಳು.

ಸಭೆಯ ಗೇಟಿನಲ್ಲೇ ಕಿರಣ್ ಕುಮಾರ್ ಸಿಕ್ಕ. ಇನ್ನೊಂದು ಕಾಲೇಜಿನ ಮೇಷ್ಟ್ರು, ಮಂಡಳಿಯ ಸದಸ್ಯ, ಉಪಾಯಗಳ ಗಣಿ.

"ನೀವ್ಯಾಕ್ ಮೇಡಂ ಮುಖ ಹಿಂಗ್ ಮಾಡ್ಕೊಂಡಿದ್ದೀರಾ? ನಿಮ್ಮದು ಬರೋದು ಊಟ ಆದ್ಮೇಲೆ. ಬಿಸಿಬೇಳೆ ಬಾತ್ ತಿಂದು ಎಲ್ರೂ ತೂಕಡಿಸ್ತಿರ್ತಾರೆ. ಹೊಸ ಪೇಪರ್, ಈ ಸೆಮಿಸ್ಟರಿಂದಲೇ ಜಾರಿ ಅಂತ ಒಂದೇ ಉಸಿರಲ್ಲಿ ಓದ್ಬಿಡಿ. ನಾನು ಪಾಸ್ ಅಂತೀನಿ, ಮುಗೀತು. ಆಗ್ಲೇ ಪಾಠ ಮಾಡ್ಬುಟ್ಟಿದ್ದೀನಿ ಅಂತ ಮಾತ್ರ ಬಾಯಿ ಬಿಡಬೇಡಿ."

ಬೇರೆ ದಾರಿ ಕಾಣದೆ ಅವಳು ತಲೆಯಾಡಿಸಿದಳು.

ಕಿರಣ್ ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜವಾಯಿತು. ಬಿಸಿಬೇಳೆ ಬಾತೂ ಬಂತು, ಮೊಸರನ್ನವೂ ಬಂತು, ಇಬ್ಬರು ಸದಸ್ಯರು ಕೂತಲ್ಲೇ ಕಣ್ಣು ಮುಚ್ಚಿದರು. ಆದರೆ ಗುರುಸಿದ್ದಯ್ಯ ಮಾತ್ರ ಸಭೆಯ ಊಟ ಮುಟ್ಟಲಿಲ್ಲ. ಮನೆಯಿಂದ ತಂದ ಡಬ್ಬಿಯಲ್ಲಿ ಎರಡು ರಾಗಿ ರೊಟ್ಟಿ ತಿಂದು, ಕೈ ತೊಳೆದು, ಕನ್ನಡಕ ಒರೆಸಿಕೊಂಡು ಕೂತರು. ನಿದ್ದೆಯ ಸುಳಿವೇ ಇಲ್ಲದ ಕಣ್ಣುಗಳು.

ಸ್ವರ್ಣಲತಾ ಎದ್ದು ನಿಂತು ಒಂದೇ ಉಸಿರಿನಲ್ಲಿ ಓದಿದಳು.

"ಪಾಸ್, ಪಾಸ್," ಎಂದ ಕಿರಣ್. ನಿದ್ದೆಯಿಂದೆದ್ದವರೊಬ್ಬರು, ಯಾವುದಕ್ಕೆ ಎಂದು ತಿಳಿಯದಿದ್ದರೂ, ಅವರೂ ಪಾಸ್ ಎಂದರು.

ಗುರುಸಿದ್ದಯ್ಯ ತಲೆ ಎತ್ತಿದರು. "ಈ ಸೆಮಿಸ್ಟರಿಂದ ಜಾರಿ ಅಂದ್ರಲ್ಲಮ್ಮಾ. ಸೆಮಿಸ್ಟರ್ ಮುಗೀತಾ ಬಂತಲ್ಲ? ಬರಹದ ತಪ್ಪಾ? ಮುಂದಿನ ವರ್ಷದಿಂದ ಅಂತ ಇರ್ಬೇಕಾ?"

ಮೇಜಿನ ಕೆಳಗೆ ಕಿರಣನ ಕಾಲು ಅವಳ ಚಪ್ಪಲಿಗೆ ತಾಗಿತು. ಹೂಂ ಅನ್ನಬಹುದಿತ್ತು. ಹೂಂ ಅಂದರೆ ಅವಳ ಮಾನ ಉಳಿಯುತ್ತಿತ್ತು. ಮಕ್ಕಳು ಉಳಿಯುತ್ತಿರಲಿಲ್ಲ.

"ಇಲ್ಲ ಸಾರ್," ಎಂದಳು. "ಆಗಲೇ ಪಾಠ ಮಾಡಿ ಮುಗಿಸಿಬಿಟ್ಟಿದ್ದೀನಿ. ಒಪ್ಪಿಗೆ ಇಲ್ಲದೆ ಮಾಡಿದ್ದೀನಿ. ಹಳೇ ಪೇಪರ್ ಬಂದ್ರೆ ನಮ್ಮ ಮಕ್ಕಳು ಒಬ್ಬರೂ ಪಾಸಾಗಲ್ಲ. ತಪ್ಪು ನನ್ನದು ಸಾರ್. ನನ್ನ ಮೇಲೆ ಏನ್ ಬೇಕಾದ್ರೂ ಬರೀರಿ. ಅವರನ್ನ ಉಳಿಸಿ."

ತೂಕಡಿಸುತ್ತಿದ್ದವರೆಲ್ಲ ಎಚ್ಚರಾದರು. ಕಿರಣ್ ಫ್ಯಾನು ನೋಡುತ್ತಾ ಕೂತ. ಗುರುಸಿದ್ದಯ್ಯ ಅವಳ ಫೈಲನ್ನು ಹತ್ತಿರಕ್ಕೆಳೆದುಕೊಂಡು ಪುಟ ತಿರುವಿದರು. ಪಕ್ಕಕ್ಕೆ ಹಳೆಯ ಪೇಪರನ್ನು ತರಿಸಿ ಇಟ್ಟುಕೊಂಡರು. ಅಟೆಂಡರ್ ತಂದಿಟ್ಟ ಟೀ ಆರಿಹೋಯಿತು.

"ಇದನ್ನ ನಾನು ಪಾಸ್ ಮಾಡಲ್ಲ," ಎಂದರು ಕೊನೆಗೆ.

ಸ್ವರ್ಣಲತಾ ಕುರ್ಚಿಯಲ್ಲಿ ಕೂತುಬಿಟ್ಟಳು.

"ಸಾರ್, ಮಕ್ಕಳ ಭವಿಷ್ಯ..." ಎಂದು ಕಿರಣ್ ಶುರುಮಾಡಿದ.

"ಮಕ್ಕಳ ಭವಿಷ್ಯಕ್ಕೇ ಕಣಪ್ಪಾ ಹೇಳ್ತಿರೋದು. ಹೊಸ ಪೇಪರ್ ಅಂತ ನಾವು ಪಾಸ್ ಮಾಡಿದ್ರೆ ಅದು ಮೇಲೆ ಅಕಾಡೆಮಿಕ್ ಕೌನ್ಸಿಲ್‌ಗೆ ಹೋಗ್ಬೇಕು. ಕೌನ್ಸಿಲ್ ಕೂರೋದು ಪರೀಕ್ಷೆ ಎಲ್ಲಾ ಆದ್ಮೇಲೆ. ಅಲ್ಲೀ ತನಕ ಹಳೇ ಪೇಪರೇ ಕಾನೂನು. ನೀನು ಪಾಸ್ ಪಾಸ್ ಅಂದ್ಯಲ್ಲ, ಆ ಮಕ್ಕಳನ್ನೆಲ್ಲ ಫೇಲ್ ಮಾಡ್ತಿದ್ದೆ."

ಕಿರಣ್ ಮತ್ತೆ ಫ್ಯಾನಿನ ಕಡೆ ತಿರುಗಿದ.

ಗುರುಸಿದ್ದಯ್ಯ ಎರಡೂ ಪೇಪರುಗಳನ್ನು ಅಕ್ಕಪಕ್ಕ ಜೋಡಿಸಿ ಸ್ವರ್ಣಲತಾಳನ್ನು ಹತ್ತಿರ ಕರೆದರು. "ಇಲ್ನೋಡಮ್ಮಾ. ಹಳೇದರಲ್ಲಿ ಘಟಕದ ಹೆಸರೇನು? ಬೆಟ್ಟದ ತಾಣಗಳು, ಅಲ್ಲಿನ ವಾಹನ ವ್ಯವಸ್ಥೆ. ಸ್ವಿಟ್ಜರ್ಲೆಂಡ್ ಅನ್ನೋದು ಕೆಳಗೆ ಕೊಟ್ಟಿರೋ ಉದಾಹರಣೆ. ನೀವು ಮಾಡಿದ್ದೇನು?"

"ಗೋಪಾಲಸ್ವಾಮಿ ಬೆಟ್ಟ ಸಾರ್. ಬಸ್ಸು."

"ಅದೂ ಬೆಟ್ಟವೇ ತಾನೆ? ಮುಂದಿನದು, ಜನಸಂದಣಿಯ ನಿಯಂತ್ರಣ. ಉದಾಹರಣೆ ವೆನಿಸ್. ನಿಮ್ಮದು?"

"ಬಂಡೀಪುರದ ರಾತ್ರಿ ಸಂಚಾರ." ಅವಳಿಗೆ ಮೆಲ್ಲಗೆ ಅರ್ಥವಾಗತೊಡಗಿತ್ತು.

"ಸ್ಥಳೀಯರ ಪಾಲು ಅಂತ ಇನ್ನೊಂದಿದೆ."

"ಸೂರ್ಯಕಾಂತಿ ಹೊಲ ಸಾರ್!"

"ಹೂಂ. ಘಟಕ ಬದಲಾದ್ರೆ ಕೌನ್ಸಿಲ್‌ಗೆ ಹೋಗ್ಬೇಕು. ಉದಾಹರಣೆ ಬದಲಾಯಿಸೋಕೆ ಈ ಮೇಜೇ ಸಾಕು. ನೀವು ಹೊಸ ಪೇಪರ್ ಮಾಡೇ ಇಲ್ಲಮ್ಮಾ. ಹಳೇ ಪೇಪರನ್ನೇ ನಮ್ಮೂರಿಗೆ ಕರ್ಕೊಂಡು ಬಂದಿದ್ದೀರಿ, ಅಷ್ಟೆ. ಬೇರೆ ಕಾಲೇಜಿನೋರು ವೆನಿಸ್ ಬರೆದ್ರೂ ಸರಿ, ನಿಮ್ಮೋರು ಬಂಡೀಪುರ ಬರೆದ್ರೂ ಸರಿ ಅಂತ ಪ್ರಶ್ನೆಪತ್ರಿಕೆ ತೆಗೆಯೋರಿಗೆ ಇವತ್ತೇ ನಾನು ಬರೀತೀನಿ."

ನಂತರ ಅವರು ಸಭೆಯ ನಡಾವಳಿಯನ್ನು ತಾವೇ ಬರೆಸಿದರು. ಉದಾಹರಣೆಗಳ ಬದಲಾವಣೆಗೆ ಒಪ್ಪಿಗೆ. ಅದರ ಕೆಳಗೇ, ಒಪ್ಪಿಗೆಗೆ ಮೊದಲೇ ಬೋಧನೆ ಆರಂಭಿಸಿದ್ದಕ್ಕೆ ಅಧ್ಯಕ್ಷರ ಆಕ್ಷೇಪ. ಅದನ್ನು ಬಿಡಬಹುದಲ್ಲ ಎಂದು ಯಾರೋ ಗೊಣಗಿದಾಗ, "ಬಿಡಕ್ಕಾಗಲ್ಲ. ತಪ್ಪು ತಪ್ಪೇ," ಎಂದರು. ಆಕ್ಷೇಪದ ಕೆಳಗೆ ಸಹಿ ಹಾಕುವಾಗ ಸ್ವರ್ಣಲತಾಳಿಗೆ ಒಂಚೂರೂ ಬೇಸರವಾಗಲಿಲ್ಲ. ಇನ್ನೂ ನಾಲ್ಕು ಆಕ್ಷೇಪವಿದ್ದಿದ್ದರೆ ಅವಕ್ಕೂ ಖುಷಿಯಿಂದ ಸಹಿ ಹಾಕುತ್ತಿದ್ದಳು.

ಹೊರಡುವಾಗ ಸ್ಕೂಟರಿಗೆ ಒದೆಯುತ್ತಾ ಗುರುಸಿದ್ದಯ್ಯ ಕೇಳಿದರು, "ಅಲ್ಲಮ್ಮಾ, ಆ ಹೊಲದಲ್ಲಿ ಫೋಟೊಗೆ ರೈತರು ದುಡ್ಡು ಈಸ್ಕೋತಾರಂತಲ್ಲ, ಹೌದಾ?"

"ಹೌದು ಸಾರ್. ಮಕ್ಕಳು ಎಲ್ಲಾ ವಿಚಾರಿಸಿ ಬರೆದಿದ್ದಾರೆ."

"ಅದೊಂದನ್ನ ನನಗೆ ಕಳಿಸ್ಕೊಡಿ. ಓದ್ಬೇಕು," ಎಂದು ಹೊರಟೇಹೋದರು.

ಚಾಮರಾಜನಗರದ ಬಸ್‌ಸ್ಟ್ಯಾಂಡಿಗೆ ಬಂದಾಗ ಸ್ವರ್ಣಲತಾಳಿಗೆ ಬೆಳಗಿನಿಂದ ಸತ್ತಿದ್ದ ಹಸಿವು ಒಮ್ಮೆಲೇ ಎದ್ದಿತು. ಎರಡು ಬಿಸಿ ಬಜ್ಜಿ ಕೊಂಡು, ಒಂದನ್ನು ಕಚ್ಚಿಕೊಂಡೇ ಲಕ್ಷ್ಮಿದೇವಿಗೆ ಫೋನು ಮಾಡಿದಳು.

"ಲಕ್ಷ್ಮೀ, ಒಂದ್ ವಿಷಯ. ನಿಮಗೆಲ್ಲ ಇಷ್ಟು ದಿನ ಹೇಳಿರ್ಲಿಲ್ಲ. ನಾನು ಮಾಡಿದ ಪಾಠಕ್ಕೆ ಒಪ್ಪಿಗೆನೇ ಇರ್ಲಿಲ್ಲ ಕಣಮ್ಮಾ. ಇವತ್ತು ಸಿಕ್ತು. ಪರೀಕ್ಷೇಲಿ ನಮ್ಮ ಪಾಠಾನೇ ಬರೀಬಹುದು. ಇನ್ನೇನೂ ಭಯ ಇಲ್ಲ."

ಆ ಕಡೆಯಿಂದ ಹುಡುಗಿ ಮೆತ್ತಗೆ, "ನಮ್ಗೂ ಗೊತ್ತಿತ್ತು ಮೇಡಂ," ಎಂದಳು. "ಆಫೀಸಲ್ಲಿ ಮಾತಾಡ್ಕತಿದ್ರು. ನಿಮ್ಗೆ ಬೇಜಾರಾಯ್ತದೆ ಅಂತ ಯೋಳಿರ್ಲಿಲ್ಲ. ಸೀನಿಯರ್ಸ್ ತಾವ ಹಳೇ ನೋಟ್ಸ್ ಈಸ್ಕಂಡು ಎಲ್ರೂ ಜೆರಾಕ್ಸ್ ಮಾಡಿಸ್ಕಂಡಿದ್ದೀವಿ. ಕ್ಲಾಸ್ ಮುಗುದ್ಮೇಲೆ ದಿನಾ ಕೂತ್ಕಂಡು ಓದ್ತಿದ್ದೋ. ಯಾವ್ದು ಬಂದ್ರೂ ನಿಮ್ಗೆ ಕೆಟ್ಟೆಸ್ರು ಬರ್ಬಾರ್ದು ಅಂತವ."

ಬ್ಯಾಗಿಗೆ ತುರುಕಿಕೊಳ್ಳುತ್ತಿದ್ದ ಆ ಕಾಗದಗಳು ಸ್ವರ್ಣಲತಾಳ ಕಣ್ಣ ಮುಂದೆ ಬಂದವು. ಇಷ್ಟು ದಿನ ಅವಳು ಮಕ್ಕಳಿಂದ ಭಯ ಮುಚ್ಚಿಟ್ಟುಕೊಂಡು ಓಡಾಡಿದರೆ, ಮಕ್ಕಳು ಅವಳಿಂದ ಸ್ವಿಟ್ಜರ್ಲೆಂಡನ್ನೇ ಮುಚ್ಚಿಟ್ಟುಕೊಂಡು ಓಡಾಡಿದ್ದರು. ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದರೂ ಲೆಕ್ಕಿಸದೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ನಗು ಬಂತು.

"ಮೇಡಂ, ಇದ್ದೀರಾ?" ಎಂದಳು ಲಕ್ಷ್ಮಿದೇವಿ. ಅವಳ ಹಿಂದೆ ಇನ್ನೂ ನಾಲ್ಕಾರು ದನಿಗಳು ಪಿಸುಗುಡುತ್ತಿದ್ದವು. "ಎಲ್ರೂ ಕೇಳ್ತಾವ್ರೆ. ಅಂಗಾರೆ ಸ್ವಿಟ್ಜರ್ಲೆಂಡ್ ಬುಟ್ಬುಡನಾ ಮೇಡಂ?"