ಪಾಪಮ್ಮಾಳ್ ಅತ್ತೆಯ ಕತ್ತಿಗೊಂದು ಪ್ರಾಡಕ್ಟ್

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ತಮಿಳು ಸೀಮೆಯ ತೇನಿಯ ಬೆಟ್ಟಸಾಲಿನಿಂದ ಒಮ್ಮೆ ಶುರು ಮಾಡಿದೆ. ಎರಡು ಪ್ಯಾರಾ ದಾಟುವಷ್ಟರಲ್ಲಿ ಪ್ರವಾಸಿಗರಿಗೆ ಹಂಚುವ ಕರಪತ್ರವಾಯಿತು, ಹರಿದು ಹಾಕಿದೆ. ಕಾಲೇಜಿನ ಗೇಟಿನಿಂದ ಶುರು ಮಾಡಿದರೆ ವಾಚ್‌ಮನ್ ಕಥೆಯೊಳಗೆ ಬಂದು ಕೂತ, ಏನು ಮಾಡಿದರೂ ಏಳಲೊಲ್ಲ. ಹಾಗಾಗಿ ಯುವಶ್ರೀಯಿಂದಲೇ ಶುರು. (ಅವಳಿಗೆ ಇದು ಬಿಲ್‌ಕುಲ್ ಇಷ್ಟವಿಲ್ಲ.)

೧

ಯುವಶ್ರೀ ತೇನಿಯಲ್ಲಿ ಮೂರನೇ ವರ್ಷದ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಾಳೆ. ಮನೆ ಅದೇ ಬೆಟ್ಟಗಳ ಕಣಿವೆಯ ಗೂಡಲೂರಿನಲ್ಲಿ, ಸೋದರತ್ತೆ ಪಾಪಮ್ಮಾಳ್ ಜೊತೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅವರ ಜನ ಆ ಕಣಿವೆಗೆ ಬಂದಾಗಿನಿಂದ ಹಾಗೇ. ಯುವಶ್ರೀ ಮನೆಯಲ್ಲಿ ಹೇಗೋ ತಡವರಿಸಿಕೊಂಡು ಕನ್ನಡ ಆಡುತ್ತಾಳೆ. ಗೆಳೆಯರ ಮುಂದೆ ಮಾತ್ರ ಒಂದು ಮಾತೂ ಆಡಿದವಳಲ್ಲ.

೨

ಈ ಸೆಮಿಸ್ಟರ್‌ನಲ್ಲಿ ಪ್ರಾಡಕ್ಟ್ ಡೆವಲಪ್‌ಮೆಂಟ್ ಅಂತ ಒಂದು ವಿಷಯ. ನಾಲ್ಕು ಜನರ ಟೀಮು. ಸುಂದರ್ ಲೀಡರು, ಕಲೈಸೆಲ್ವಿ ಡ್ರಾಯಿಂಗು. ಇನ್ನೊಬ್ಬ ಹಾಜರಿ ಕೂಗುವಾಗ ಮಾತ್ರ ಬರುತ್ತಾನೆ, ಅವನಿಗೆ ಹೆಸರಿಟ್ಟು ನಾನೇಕೆ ದಣಿಯಲಿ? ರಾಜೇಂದ್ರನ್ ಸರ್ ಹೇಳಿಕೊಟ್ಟ ವಿಧಾನ ಇದು: ಮೊದಲು ಬಳಸುವವರ ಬಳಿ ಹೋಗಿ, ಅವರ ಕಷ್ಟವನ್ನು ಅವರ ಮಾತಿನಲ್ಲೇ ಕೇಳಿಸಿಕೊಳ್ಳಿ. ಆಮೇಲೆ ಐಡಿಯಾಗಳನ್ನು ಒಂದರ ಪಕ್ಕ ಒಂದಿಟ್ಟು ಪ್ಲಸ್ಸು ಮೈನಸ್ಸು ಹಾಕಿ. ಗೆದ್ದದ್ದನ್ನು ಮಾಡಿ.

ಅಷ್ಟು ದಿನ ಟೀಮಿನಲ್ಲಿ ತಲೆಯಾಡಿಸುವುದೇ ಯುವಶ್ರೀಯ ಕೆಲಸವಾಗಿತ್ತು. ಮೊದಲ ಸಲ ಬಾಯಿಬಿಟ್ಟಳು. ಅತ್ತೆ ದ್ರಾಕ್ಷಿ ಚಪ್ಪರದ ಕೆಳಗೆ ದುಡಿಯುವವಳು. ಗೊಂಚಲು ಕತ್ತರಿಸುವುದಾಗಲಿ ಕುಡಿ ಸವರುವುದಾಗಲಿ, ದಿನವಿಡೀ ಕತ್ತು ಮೇಲೆತ್ತಿಯೇ ಮಾಡಬೇಕು. ಸಂಜೆ ಮುಲಾಮು ಹಚ್ಚಿಸಿಕೊಳ್ಳುತ್ತಾ ಅವಳು ನರಳುವುದನ್ನು ಕೇಳಿಯೇ ಯುವಶ್ರೀ ಬೆಳೆದದ್ದು. ಆ ಕತ್ತಿಗೆ ಒಂದು ಆಸರೆ ಮಾಡೋಣವೇ ಎಂದಳು. ಕಲೈಸೆಲ್ವಿಗೆ ಹಿಡಿಸಿತು. ಸುಂದರ್, "ಡೇಟಾ ಬೇಕಲ್ಲ," ಎಂದ.

೩

ಡೇಟಾ ತರಲು ಮೂವರೂ ಬಸ್ಸು ಹತ್ತಿ ಗೂಡಲೂರಿಗೆ ಹೋದರು. ಚಪ್ಪರದ ಕೆಳಗೆ ಸುಂದರ್ ಫೋನಿನ ರೆಕಾರ್ಡರ್ ಒತ್ತಿ ಹಿಡಿದ. ಪ್ರಶ್ನೆ ಕೇಳಬೇಕಾದವಳು ಯುವಶ್ರೀ.

(ಇಲ್ಲಿ ನಾನು ಅವಳ ಕಿವಿಯಲ್ಲಿ ಪಿಸುಗುಟ್ಟಿದೆ: ಕನ್ನಡದಲ್ಲಿ ಕೇಳು. ಅವಳು ಕೇಳಿಸದವಳಂತೆ ನಿಂತಳು. ಪಾತ್ರಗಳಿಗೆ ಈಚೆಗೆ ಬಹಳ ಸೊಕ್ಕು.)

ಅವಳು ತಮಿಳಿನಲ್ಲಿ ಕೇಳಿದಳು. ಅದೂ ಪ್ರಶ್ನಾವಳಿಯ ಹಾಳೆಯಲ್ಲಿದ್ದ ಗ್ರಾಂಥಿಕ ತಮಿಳಿನಲ್ಲಿ: ಈ ಕೆಲಸದಲ್ಲಿ ತಮಗೆ ಏನಾದರೂ ತೊಂದರೆ ಇದೆಯೇ?

ಅತ್ತೆ ಸೆರಗು ಸರಿಮಾಡಿಕೊಂಡಳು. "ಒಣ್ಣುಂ ಕಷ್ಟಮಿಲ್ಲೀಂಗ," ಎಂದಳು. ಏನೂ ಕಷ್ಟವಿಲ್ಲ ರೀ. ಎತ್ತಿ ಆಡಿಸಿದ ಸೋದರಸೊಸೆಗೆ ಬಹುವಚನ! ಆಮೇಲೆ ಮೂವರ ಕೈಗೂ ಒಂದೊಂದು ಗೊಂಚಲು ಕೊಟ್ಟಳು.

"ಕಷ್ಟವೇ ಇಲ್ಲವಂತಲ್ಲ," ಎಂದ ಸುಂದರ್, ಬೀಜ ಉಗಿಯುತ್ತಾ. ಪಾಪ, ಅವನ ತಪ್ಪೇನೂ ಇಲ್ಲ. ಹೇಳದ ನೋವಿಗೆ ಯಾವ ವಿಧಾನದಲ್ಲೂ ಪ್ಲಸ್ ಸಿಗುವುದಿಲ್ಲ.

೪

ಅವರನ್ನು ಬಸ್ಸು ಹತ್ತಿಸಿ ಬಂದು ಯುವಶ್ರೀ ಅತ್ತೆಯ ಮೇಲೆ ಹರಿಹಾಯ್ದಳು. "ಯಾಕತ್ತೆ ಅಂಗಂದೆ? ದಿನಾ ನೋಯ್ತದೆ ಅಂತೀಯಲ್ಲ?"

"ನೀ ಕೇಳಿದ್ದು ಎಂಗೆ, ನನ್ ಕಣ್ಣೂ? ಸರ್ಕಾರದೋರು ಬಂದು ಕೇಳ್ದಂಗೆ ಕೇಳ್ದೆ. ನಾನೂ ಸರ್ಕಾರದೋರ್ಗೆ ಏಳ್ದಂಗೇ ಏಳ್ದೆ. ಪರದೋರ ಮುಂದೆ ನೋವು ಆಡ್ಕೊಂಡ್ರೆ ಮಾನ ಉಳಿತದಾ?"

"ನಾ ಪರದೋಳಾ?"

ಅತ್ತೆ ಒಲೆ ಹೊತ್ತಿಸಿದಳು.

೬

(ಐದರಲ್ಲಿ ಕಾಲೇಜು ಬಸ್ಸಿನ ಕಿಟಕಿ, ಒದ್ದೆ ಕಣ್ಣು ಇತ್ಯಾದಿ ಇತ್ತು. "ನಾನು ಅತ್ತದ್ದನ್ನು ಊರಿಗೆಲ್ಲ ಸಾರಬೇಡ," ಎಂದು ಯುವಶ್ರೀ ಅಳಿಸಿ ಹಾಕಿಸಿದಳು.)

ಈಗ ಅಂತ್ಯಗಳು.

ಒಂದು: ಅವಳು ಗೆಳೆಯರನ್ನು ಮತ್ತೆ ಕರೆದೊಯ್ದು ಅವರೆದುರೇ ಕನ್ನಡದಲ್ಲಿ ಕೇಳುತ್ತಾಳೆ, ಅತ್ತೆ ಬಾಯಿ ಬಿಡುತ್ತಾಳೆ, ಸರ್ ಚಪ್ಪಾಳೆ ತಟ್ಟುತ್ತಾರೆ. "ನಡೆಯಲಿಲ್ಲ," ಎಂದಳು ಯುವಶ್ರೀ.

ಎರಡು: ಅವಳೊಬ್ಬಳೇ ಸ್ಪಂಜು, ಬೆಲ್ಟು ಹೊಲಿದು ಅತ್ತೆಯ ಕತ್ತಿಗೆ ಕಟ್ಟುತ್ತಾಳೆ. "ನನಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ. ಸುಮ್ಮನೆ ನಡೆದದ್ದನ್ನು ಬರಿ."

ನಡೆದದ್ದು ಇಷ್ಟು. ರಾಜೇಂದ್ರನ್ ಸರ್ ಟೀಮನ್ನು ಎದ್ದು ನಿಲ್ಲಿಸಿ, ಸುಂದರನ ಐಡಿಯಾಗೆ, ಅಂದರೆ ನೀರಿನ ಟ್ಯಾಂಕು ತುಂಬಿದರೆ ಕೂಗುವ ಅಲಾರಮ್ಮಿಗೆ, ಎಲ್ಲರ ಒಪ್ಪಿಗೆ ಇದೆಯೇ ಎಂದರು. ಕಲೈಸೆಲ್ವಿ ಇವಳತ್ತ ತಿರುಗಿ ಕಾದಳು. ಒಂದು ಮಾತು ಸಾಕಿತ್ತು: ಸರ್, ನಾನು ಕೇಳಿದ ರೀತಿ ಸರಿಯಿರಲಿಲ್ಲ, ನಮ್ಮ ಮನೆಮಾತೇ ಬೇರೆ. ಯುವಶ್ರೀ ಕೈ ಎತ್ತಿದಳು, ಅಲಾರಮ್ಮಿಗೆ. ಒಮ್ಮತ! ಸರ್ ಗುಡ್ ಟೀಮ್‌ವರ್ಕ್ ಎಂದರು. ಆ ಕ್ಷಣದಲ್ಲಿ ಅನ್ನಿಸಿದಷ್ಟು ಒಂಟಿತನ ಅವಳಿಗೆ ಹಿಂದೆಂದೂ ಅನ್ನಿಸಿರಲಿಲ್ಲ.

೭

"ನೀನಾದ್ರೂ ಓಗಿ ಕೇಳು," ಎಂದಳು ಯುವಶ್ರೀ ನನಗೆ. "ನಿಂಗೆ ಕನ್ನಡ ಚೆನ್ನಾಗ್ ಬತ್ತದಲ್ಲ."

ಅದೂ ನಿಜವೇ. ಕಥೆಗಾರನೆಂಬ ಜಂಬದಲ್ಲಿ ನಾನೇ ಚಪ್ಪರದ ಕೆಳಗೆ ಇಳಿದೆ. "ಅತ್ತೆಯವರೇ, ತಮ್ಮ ಕತ್ತು ನೋಯುತ್ತದೆಯೇ?"

ಪಾಪಮ್ಮಾಳ್ ಕತ್ತರಿ ಕೆಳಗಿಟ್ಟಳು. ನನ್ನ ಪುಸ್ತಕದ ಕನ್ನಡವನ್ನು ಪೂರ್ತಿ ಕೇಳಿಸಿಕೊಂಡಳು. ಪ್ಲಾಸ್ಟಿಕ್ ಸ್ಟೂಲನ್ನು ಸೆರಗಿನಿಂದ ಒರೆಸಿ ಮುಂದಿಟ್ಟು, ಸರ್ಕಾರದವರಿಗೆ ಕೊಡುವ ಮರ್ಯಾದೆಯಿಂದ, ತಮಿಳಿನಲ್ಲಿ, "ಉಕ್ಕಾರುಂಗ," ಎಂದಳು. ಕೂತುಕೊಳ್ಳಿ.

ಕೂತಿದ್ದೇನೆ. ಆಚೆ ಸಾಲಿನಲ್ಲಿ ಯುವಶ್ರೀ ನಿಂತಿದ್ದಾಳೆ, ಅತ್ತೆ ಮತ್ತೆ ಕತ್ತು ಮೇಲೆತ್ತಿದ್ದಾಳೆ. ಹುಡುಗಿ ಆ ಪ್ರಶ್ನೆಯನ್ನು ಮನೆಮಾತಿನಲ್ಲಿ ಕೇಳುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮಗೆ ಬಸ್ಸಿಗೆ ಹೊತ್ತಾಗಿದ್ದರೆ ಹೊರಡಿ. ನಾನಂತೂ ಈ ಸ್ಟೂಲಿನಿಂದ ಏಳುವುದಿಲ್ಲ.