ಕೊಟ್ರಬಸಮ್ಮನ ಐದು ದಿನ

ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದ ಕೊಟ್ರಬಸಮ್ಮನ ಬೆರಳೆಲ್ಲ ಅಂಟಾಗಿತ್ತು. ಅರ್ಧ ಗುಡ್ಡೆ ಇನ್ನೂ ಉಳಿದಿತ್ತು. ನಾಳೆ ಏಳರ ಬಸ್ಸಿಗೆ ಕೊಟ್ಟೂರಿಗೆ ಹೋಗಬೇಕು. ಅಲ್ಲಿ ಅವಳ ಗರ್ಭಚೀಲ ತೆಗೆಯುತ್ತಾರೆ.

ಅವಳಿಗೆ ಮೂವತ್ತೆಂಟು. ಬಿಳಿ ಹೋಗುತ್ತಿತ್ತು, ನಡ ನೋಯುತ್ತಿತ್ತು. ಐದು ನಿಮಿಷ ನೋಡಿದ ಕೊಟ್ಟೂರಿನ ಡಾಕ್ಟರು, ಮುಂದೆ ಕ್ಯಾನ್ಸರ್ ಆದೀತು ಎಂದಿದ್ದರು. ಹೇಳಿದ್ದು ಅವಳಿಗಲ್ಲ, ಗಂಡ ಮರುಳಪ್ಪನಿಗೆ. ದಿನ ಗೊತ್ತುಮಾಡಿದವರೂ ಅವರಿಬ್ಬರೇ.

ಎದುರಿಗೆ ಮಗಳು ಅರ್ಚನಾ ಪರೀಕ್ಷೆಗೆ ಓದುತ್ತಿದ್ದಳು. ನರ್ಸಿಂಗ್ ಮೊದಲ ವರ್ಷ. ಕಲಿಸುವ ಕೇರಳದ ಸಿಸ್ಟರ್ ಅಂಗಗಳ ಲ್ಯಾಟಿನ್ ಹೆಸರನ್ನೆಲ್ಲ ಬಾಯಿಪಾಠ ಮಾಡಿಸುತ್ತಿದ್ದರು.

"ಊತೆರುಸ್, ಊತೆರುಂ, ಊತೆರಿ, ಊತೆರೋ..."

"ಏನಲೇ ಅದು, ಮಂತ್ರ ಇದ್ದಂಗ ಐತಿ?"

"ಗರ್ಭಚೀಲಕ್ಕ ಹಂಗಂತಾರವ್ವಾ. ಹೊಟ್ಟಿ ಅಂತನೂ ಅರ್ಥ ಐತಿ. ನಮ್ಮ ವಿಭಕ್ತಿ ಇದ್ದಂಗ ಕೊನಿ ಬದಲಾಗ್ತತಿ. ಊತೆರುಸ್ ಅಂದ್ರ ಗರ್ಭಚೀಲವು, ಊತೆರುಂ ಅಂದ್ರ ಗರ್ಭಚೀಲವನ್ನು. ಮತ್ತ ಅದು ಪುಲ್ಲಿಂಗ."

"ನಮ್ಮ ಹೊಟ್ಟ್ಯಾಗಿರೋದು ಗಂಡು ಹೆಂಗಾತು?" ಕೊಟ್ರಬಸಮ್ಮ ನಕ್ಕಳು.

ಕಟ್ಟೆಯ ಮೇಲೆ ಕೂತಿದ್ದ ನಾದಿನಿ ತಿಪ್ಪೇರುದ್ರಮ್ಮ ಅಲ್ಲಿಂದಲೇ ಕೂಗಿದಳು: "ಗಂಡಾದ್ರೇನು, ಹೆಣ್ಣಾದ್ರೇನು, ತೆಗಿಸಿ ಒಗಿ ಬಸೀ. ನಾ ತೆಗಿಸಿ ನಾಕು ವರ್ಷಾತು. ಇಬ್ಬರನ್ನ ಹಡದಿ, ಇನ್ನ ಆ ಚೀಲದಾಗ ಜ್ವಾಳ ತುಂಬಿಡ್ತಿ ಏನು?"

ಹಾಗೆಂದವಳು ಗೋಡೆ ಹಿಡಿದು ಎದ್ದಳು. ನಾಲ್ಕು ವರ್ಷದಿಂದ ಅವಳು ಏಳುವುದೇ ಹಾಗೆ. ಯಾಕೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಅರ್ಚನಾ ದನಿ ತಗ್ಗಿಸಿದಳು. "ಸಿಸ್ಟರ್‌ನ ಕೇಳೀನಿ. ಇಷ್ಟಕ್ಕೆಲ್ಲ ತೆಗಿಯಂಗಿಲ್ಲಂತ. ಗುಳಿಗಿಗೇ ಹೋಗಬಹುದಂತ. ಮದ್ಲು ಬಳ್ಳಾರಿ ದೊಡ್ಡಾಸ್ಪತ್ರಿಗೆ ತೋರಸ್ರಿ ಅಂದ್ರು."

"ನಿಮ್ಮಪ್ಪಗ ಹೇಳಿದ್ಯಾ?"

"ಹೇಳಿದೆ. ಮೊನ್ನಿ ಸೇರಿದಾಕಿ, ಆಗಲೇ ಡಾಕ್ಟ್ರಾದ್ಯೇನು ಅಂದ."

ಅವಳ ಕಣ್ಣು ತುಂಬಿದವು. ಕೊಟ್ರಬಸಮ್ಮನಿಗೆ ಅಂಟು ಕೈಯಲ್ಲಿ ಮಗಳನ್ನು ಮುಟ್ಟಲು ಆಗಲಿಲ್ಲ.

ಅಷ್ಟರಲ್ಲಿ ಕಾನಹೊಸಹಳ್ಳಿಯ ಎಸ್‌ಟಿಡಿ ಬೂತಿನಿಂದ ಮರುಳಪ್ಪ ಬಂದ. "ಅರಿವಿ ಕಟ್ಟಿಟ್ಟೀಯೇನು? ಡಾಕ್ಟ್ರಿಗೆ ಫೋನ್ ಮಾಡಿದ್ದೆ. ಮುಟ್ಟಾಗಿದ್ರ ಬರಬ್ಯಾಡ್ರಿ, ಐದು ದಿನ ಬಿಟ್ಟು ಬರ್ರಿ ಅಂದಾರ. ಆಗಿಲ್ಲ ಹೌದಿಲ್ಲೋ?"

"ಇನ್ನೂ ಇಲ್ರಿ."

ಅವನು ಒಳಗೆ ಹೋದ. ಅವಳು ಮತ್ತೊಂದು ಹಣ್ಣು ಎಳೆದುಕೊಂಡಳು. ಬೇಡ ಎನ್ನುವ ಮಾತು ಈ ಮನೆಯಲ್ಲಿ ನಡೆಯುವುದಿಲ್ಲ. ಆದರೆ ಮುಟ್ಟಾಯಿತೋ ಇಲ್ಲವೋ ಎಂದು ಯಾರೂ ಬಿಚ್ಚಿ ನೋಡುವುದಿಲ್ಲ. ನಸುಕಿಗೆ ಎದ್ದು ಆಯಿತು ಎಂದುಬಿಡುವುದು. ಅವನು ಹೊಲಕ್ಕೆ ಹೋದಾಗ ಬಳ್ಳಾರಿ ಬಸ್ಸು ಹತ್ತುವುದು. ಆರನೆಯ ದಿನ ಏನು ಮಾಡುವುದೋ ಅವಳಿಗೆ ಗೊತ್ತಿರಲಿಲ್ಲ.

"ಹೆದರಿಕಿ ಆಗೇತೇನವ್ವಾ?" ಅರ್ಚನಾ ಕೇಳಿದಳು.

"ಇಲ್ಲ, ಓದು ನೀನು," ಎಂದಳು.